ಚಿತ್ತೆ ಮಳೆ ಗೊತ್ತು, ಚಿತ್ತಾ ನಕ್ಷತ್ರ ಎಲ್ಲಿ?

ಉಡುಪಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ನೋಡುವವರಿಗೆ ರಜೆ. ಅಕ್ಟೋಬರ್‌ನಲ್ಲೂ ಸಂಜೆ ಗುಡುಗು ಬಿಡುವುದಿಲ್ಲ. ಹಾಗಾಗಿ ನಮ್ಮ ಹವ್ಯಾಸಿ ಬಳಗ ಊರವರಿಗಾಗಿ ಟೆಲಿಸ್ಕೋಪ್ ಹೊರಗೆ ತೆಗೆಯುವುದು ನವೆಂಬರ್‌ನಲ್ಲಿ.

ದಿನ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. ನಾವೇ ನೋಡುವುದಾದರೆ ಅಮಾವಾಸ್ಯೆ ಒಳ್ಳೆಯದು. ಜನರಿಗೆ ತೋರಿಸಲು ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿಯೇ ಸರಿ. ಅರ್ಧ ಚಂದ್ರನಲ್ಲಿ ಬೆಳಕು, ಕತ್ತಲೆ ಸೇರುವ ಗಡಿಯ ಹತ್ತಿರ ನೆರಳು ಉದ್ದ ಬೀಳುತ್ತದೆ, ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆ ಚಂದ್ರ ಸುಮ್ನೆ ಕಣ್ಣು ಕುಕ್ಕುತ್ತಾನೆ.

ಮಲ್ಪೆ ಬೀಚ್‌ನಲ್ಲಿ ಮಾಡಿ ಅಂತ ಹೇಳುವವರು ಜಾಸ್ತಿ. ಬಂದರಿನ ದೀಪ, ಉಪ್ಪು ಗಾಳಿ, ಮರಳು ಮೂರೂ ನಮಗೆ ಆಗಿಬರುವುದಿಲ್ಲ. ಸ್ವಲ್ಪ ಒಳಗಿನ ಶಾಲೆ ಮೈದಾನ ಸಾಕು. ಧ್ರುವ ನಕ್ಷತ್ರ ಮಾತ್ರ ಸಿಗುವುದು ಕಷ್ಟ. ನಮ್ಮೂರಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ ಅಷ್ಟೆ, ತೆಂಗಿನ ತೋಟದ ಹಿಂದೆಯೇ ಉಳಿಯುತ್ತದೆ.

ನಾನು ಗ್ಯಾಲಕ್ಸಿ, ಬೆಳಕಿನ ವರ್ಷ ಅಂತ ಮಾತು ಶುರು ಮಾಡುವುದಿಲ್ಲ. ಬಂದವರಲ್ಲಿ ಗದ್ದೆ ಮಾಡಿದ ಹಿರಿಯರು ಇರುತ್ತಾರೆ, ಮಳೆ ನಕ್ಷತ್ರಗಳು ಅವರಿಗೆ ಬಾಯಿಪಾಠ. ‘ಅಕ್ಟೋಬರ್‌ನಲ್ಲಿ ಚಿತ್ತೆ ಮಳೆ ಬಂತಲ್ಲ, ಆಗ ಚಿತ್ತಾ ನಕ್ಷತ್ರ ಎಲ್ಲಿತ್ತು?’ ಅಂತ ಅವರನ್ನೇ ಕೇಳುತ್ತೇನೆ. ಎಲ್ಲರೂ ಮೇಲೆ ನೋಡುತ್ತಾರೆ. ಸೂರ್ಯ ಚಿತ್ತಾ ನಕ್ಷತ್ರದ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಬರುವ ಮಳೆಯೇ ಚಿತ್ತೆ ಮಳೆ. ಅಂದರೆ ಆಗ ನಕ್ಷತ್ರ ಹಗಲಲ್ಲಿ ಸೂರ್ಯನ ಪಕ್ಕದಲ್ಲೇ ಇರುತ್ತದೆ, ರಾತ್ರಿ ಸಿಗುವುದೇ ಇಲ್ಲ. ‘ಹೌದಲ್ಲ ಮಾರಾಯ್ರೆ!’ ಅನ್ನುವ ದನಿ ಬಂದರೆ ಮುಂದಿನದು ಸಲೀಸು. ಪೂರ್ವಕ್ಕೆ ತಿರುಗಿಸಿ ಕೃತ್ತಿಕೆಯ ಗೊಂಚಲು ತೋರಿಸುತ್ತೇನೆ, ಅದರ ಕೆಳಗೆ ಕೆಂಪಗೆ ರೋಹಿಣಿ. ಮೇ ತಿಂಗಳಲ್ಲಿ ಇವೆರಡೂ ಸೂರ್ಯನ ಜೊತೆಗಿದ್ದವು. ಆರು ತಿಂಗಳಲ್ಲಿ ಎದುರು ಬದಿಗೆ ಬಂದಿವೆ, ಅಲ್ವಾ? ಭೂಮಿ ಸೂರ್ಯನನ್ನು ಸುತ್ತುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಶನಿಯ ಸರದಿ ಬಂದಾಗ ಕೆಲವರು ಹಿಂದೆ ಸರಿಯುತ್ತಾರೆ. ‘ನೋಡಿದರೆ ಎಂತದಾದರೂ ಆಗ್ತದಾ ಮಗಾ?’ ಅಂತ ಒಬ್ಬರು ಅಜ್ಜಿ ಕೇಳಿದ್ದರು. ನಾನು ವಾದಕ್ಕೆ ಇಳಿಯುವುದಿಲ್ಲ, ಲೆಕ್ಕ ಹೇಳುತ್ತೇನೆ. ಶನಿ ಸೂರ್ಯನನ್ನು ಸುತ್ತಲು ಸುಮಾರು 29.5 ವರ್ಷ ಬೇಕು. 12 ರಾಶಿಗೆ ಹಂಚಿದರೆ ಒಂದಕ್ಕೆ ಹತ್ತಿರ ಹತ್ತಿರ ಎರಡೂವರೆ ವರ್ಷ, ಮೂರಕ್ಕೆ ಏಳೂವರೆ. ಸಾಡೇಸಾತಿಯ ಏಳೂವರೆ ಬಂದದ್ದು ಈ ನಿಧಾನ ನಡಿಗೆಯಿಂದಲೇ. ಅಜ್ಜಿ ಎರಡು ಸಲ ನೋಡಿದರು. 2025ರಲ್ಲಿ ಮಾತ್ರ ಶನಿಯ ಸುತ್ತಲಿನ ಬಳೆಯ ಅಂಚೇ ನಮ್ಮ ಕಡೆಗಿತ್ತು, ಸೂಜಿಯಂಥ ಗೆರೆ. ಚಿತ್ರದಲ್ಲಿ ಕಂಡ ಶನಿಯನ್ನು ಹುಡುಕಿ ಬಂದ ಮಕ್ಕಳಿಗೆ ಬೇಸರ. ನಮಗೆ ಅದೇ ಹಬ್ಬ, ಆ ನೋಟ ಸಿಗುವುದು ಸರಾಸರಿ ಹದಿನೈದು ವರ್ಷಕ್ಕೊಮ್ಮೆ.

ಇನ್ನು ಸಾಲು ನಿಭಾಯಿಸುವುದು. ನಮ್ಮದು 8 ಇಂಚಿನ ಡಾಬ್ಸೋನಿಯನ್, ಅಂದರೆ ಕೈಯಲ್ಲೇ ತಿರುಗಿಸುವ ಸರಳ ಟೆಲಿಸ್ಕೋಪ್, ಮೋಟಾರ್ ಇಲ್ಲ. ನೂರು ಪಟ್ಟು ಹಿಗ್ಗಿಸಿದರೆ ಗ್ರಹ ಸುಮಾರು ಎರಡು ನಿಮಿಷದಲ್ಲಿ ನೋಟದ ಒಂದು ಅಂಚಿನಿಂದ ಇನ್ನೊಂದಕ್ಕೆ ಜಾರುತ್ತದೆ. ಆದ್ದರಿಂದ ಒಬ್ಬರು ಪಕ್ಕದಲ್ಲೇ ನಿಂತು ಕೊಳವೆಯನ್ನು ಮೆಲ್ಲಗೆ ತಳ್ಳುತ್ತಿರಬೇಕು. ಮಕ್ಕಳಿಗೆ ಒಂದು ಸ್ಟೂಲ್ ಬೇಕು. ಕತ್ತಲೆಗೆ ಹೊಂದಿಕೊಂಡ ಕಣ್ಣು ಕೆಡದಂತೆ ಟಾರ್ಚ್‌ಗೆ ಕೆಂಪು ಕಾಗದ ಸುತ್ತಿರುತ್ತೇವೆ. ಮೊಬೈಲ್ ಒಳಗಿಡಿ ಅಂತ ಎಷ್ಟು ಹೇಳಿದರೂ ಯಾರಾದರೂ ಫ್ಲ್ಯಾಶ್ ಹೊಡೆದೇ ಹೊಡೆಯುತ್ತಾರೆ.

ರಾತ್ರಿ ಆಗುತ್ತಿದ್ದಂತೆ ಐಪೀಸ್ (ಕಣ್ಣಿಟ್ಟು ನೋಡುವ ಲೆನ್ಸ್) ಮೇಲೆ ಇಬ್ಬನಿ ಕೂರುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ, ಹೇರ್ ಡ್ರೈಯರ್‌ನ ಬೆಚ್ಚಗಿನ ಗಾಳಿ ಹಿಡಿಯಿರಿ. ಮನೆಗೆ ತಂದ ಕೂಡಲೇ ಪೆಟ್ಟಿಗೆಗೆ ಹಾಕಬೇಡಿ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ, ಇಲ್ಲದಿದ್ದರೆ ನಮ್ಮ ಕರಾವಳಿಯ ಸೆಕೆಗೆ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ.