ತಿಂಡಿಯ ಪಟ್ಟಿಗಿಂತ ಮೊದಲು ಜನರ ಪಟ್ಟಿ

ಚಿಕ್ಕಬಳ್ಳಾಪುರದ ನಮ್ಮ ಚರ್ಚ್ ಸಭೆಯಲ್ಲಿ ಹೊಸದಾಗಿ ಸಂಸಾರ ಹೂಡಿದ ಹುಡುಗಿಯರು ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ ಹಬ್ಬಕ್ಕೆಂದು ನನ್ನನ್ನು ಕೇಳುವುದು ಕೇಕಿನ ಅಳತೆ. "ಆಂಟಿ, ಅರ್ಧ ಕೆಜಿ ಮೈದಾಕ್ಕೆ ಮೊಟ್ಟೆ ಎಷ್ಟು?" ಅದನ್ನು ಫೋನಿನಲ್ಲಿ ನೋಡಿಯೂ ಕಲಿಯಬಹುದಮ್ಮ. ಯಾವ ಮನೆಗೆ ಏನು ಕಳಿಸಬೇಕು, ಯಾವ ಮನೆಗೆ ಸುಮ್ಮನೆ ಹೋಗಿ ಕೂತು ಬರಬೇಕು ಅನ್ನುವುದನ್ನು ಮಾತ್ರ ದೊಡ್ಡವರ ಹತ್ತಿರ ಕೇಳಿಯೇ ತಿಳಿಯಬೇಕು.

ಅಡ್ವೆಂಟಿನ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಸಿದ್ಧತೆಯ ವಾರಗಳ, ಮೊದಲ ಭಾನುವಾರ ಆರಾಧನೆ ಮುಗಿಸಿ ಬಂದವರೇ ಒಂದು ಹಾಳೆ ಹಿಡಿದು ಕೂತುಕೊಳ್ಳಿ. ಅಕ್ಕಪಕ್ಕದವರು, ನೆಂಟರು, ಹಾಲಿನವನು, ಬೆಳಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರು, ಸೊಪ್ಪು ಮಾರುವ ಅಜ್ಜಿ, ಒಬ್ಬರೇ ಇರುವ ಮುದುಕರು, ಎಲ್ಲರ ಹೆಸರೂ ಬರಲಿ. ಆಮೇಲೆ ನಿಮಗೆ ತಿರುಗಿ ಏನೂ ಕೊಡಲಾಗದವರ ಹೆಸರಿನ ಮುಂದೆ ಒಂದು ಗುರುತು ಹಾಕಿ. ಔತಣ ಮಾಡಿದರೆ ಮರಳಿ ಕರೆಯಲಾಗದವರನ್ನು ಕರೆ ಎಂದು ಯೇಸುಸ್ವಾಮಿ ಹೇಳಿದ್ದು ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿದೆ. ನಾವೋ, ಕಳೆದ ವರ್ಷ ಅವರ ಮನೆಯಿಂದ ಎಷ್ಟು ಬಂದಿತ್ತು ಎಂದು ಅಳೆದು ತಟ್ಟೆ ತುಂಬುತ್ತೇವೆ! ಗುರುತು ಹಾಕಿದ ಹೆಸರುಗಳ ಪಾಲನ್ನು ಮೊದಲು ತೆಗೆದಿಡಿ, ಉಳಿದದ್ದು ಉಳಿದವರಿಗೆ. ಕೊನೆಗೆ ಕಡಿಮೆ ಬಿದ್ದರೆ ನೆಂಟರಿಗೆ ಬೀಳಲಿ, ಅವರು ಬೈದುಕೊಂಡರೂ ನಮ್ಮವರೇ.

ಅಡುಗೆ ಕೆಲಸವನ್ನು ತಾಳಿಕೆಯ ಲೆಕ್ಕದಲ್ಲಿ ಹಂಚಿಕೊಳ್ಳಿ. ಮೊದಲು ಕಜ್ಜಾಯದ ಹಿಟ್ಟು. ನೆನೆಸಿದ ಅಕ್ಕಿಯನ್ನು ನೆರಳಲ್ಲಿ ಬಟ್ಟೆಯ ಮೇಲೆ ಹರಡಿ, ಇನ್ನೂ ತೇವ ಇರುವಾಗಲೇ ಪುಡಿ ಮಾಡಿ ಬೆಲ್ಲದ ಪಾಕಕ್ಕೆ ಸೇರಿಸಬೇಕು. ಪಾಕದ ಒಂದು ಹನಿಯನ್ನು ನೀರಿಗೆ ಬಿಟ್ಟರೆ ಬೆರಳಲ್ಲಿ ಮೆತ್ತಗೆ ಉಂಡೆಯಾಗಬೇಕು. ಗಟ್ಟಿಯಾಗಿ ಟಣ್ ಅಂದರೆ ಕಜ್ಜಾಯ ಕಲ್ಲಾಗುತ್ತದೆ, ಉಂಡೆಯೇ ಆಗದಿದ್ದರೆ ಎಣ್ಣೆಯಲ್ಲಿ ಚೂರಾಗುತ್ತದೆ. ಈ ಹಿಟ್ಟು ಒಂದು ವಾರ ಕೂತಷ್ಟೂ ಒಳ್ಳೆಯದು. ಕಲ್ಕಲ್ (ಮೈದಾ ಹಿಟ್ಟನ್ನು ಚಿಪ್ಪಿನ ಹಾಗೆ ಸುತ್ತಿ ಕರಿದ ಸಿಹಿ) ಮತ್ತು ನಿಪ್ಪಟ್ಟನ್ನು ಹತ್ತು ದಿನ ಮುಂಚೆ ಮಾಡಿಟ್ಟರೂ ಗರಿಗರಿ ಇರುತ್ತವೆ. ಕರ್ಜಿಕಾಯಿಯನ್ನೂ ಮುಂಚೆಯೇ ಮಾಡಿಡುವುದಾದರೆ ಹೂರಣಕ್ಕೆ ಒಣಕೊಬ್ಬರಿಯನ್ನೇ ಹಾಕಿ, ಹಸಿ ತೆಂಗಿನಕಾಯಿ ಹಾಕಿದ್ದು ಬೇಗ ಮುಗ್ಗುತ್ತದೆ. ಯಾವುದೇ ಇರಲಿ, ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಿ. ಬಿಸಿಯಲ್ಲಿ ಮುಚ್ಚಿದರೆ ಒಳಗೆ ಬೆವತು ಮೆತ್ತಗಾಗುತ್ತದೆ. ಎಣ್ಣೆ ಇಳಿಯಲೆಂದು ನ್ಯೂಸ್ ಪೇಪರ್ ಹಾಸಬೇಡಿ, ಮಸಿಯೆಲ್ಲ ತಿಂಡಿಗೆ ಅಂಟುತ್ತದೆ.

ರೋಸ್ ಕುಕ್ಕಿ, ಅಂದರೆ ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ತಿಂಡಿ, ಎಲ್ಲರಿಗೂ ತಲೆನೋವು. ಹೊಸ ಅಚ್ಚಾದರೆ ಒಂದು ರಾತ್ರಿ ಎಣ್ಣೆಯಲ್ಲಿ ಮುಳುಗಿಸಿಡಿ. ಪ್ರತಿ ಸಲವೂ ಅಚ್ಚು ಎಣ್ಣೆಯಲ್ಲಿ ಕಾದಿರಬೇಕು, ಹಿಟ್ಟಿಗೆ ಇಳಿಸುವಾಗ ಮೇಲಂಚು ಮುಳುಗಬಾರದು. ಅಂಚಿಗೆ ಹಿಟ್ಟು ಹತ್ತಿದರೆ ಹೂವು ಅಚ್ಚು ಬಿಟ್ಟು ಬರುವುದೇ ಇಲ್ಲ. ಮೊಟ್ಟೆ ಬಿಟ್ಟು ತೆಂಗಿನ ಹಾಲಿನಲ್ಲಿ ಕಲಸಿದರೂ ಚೆನ್ನಾಗಿಯೇ ಆಗುತ್ತದೆ. ನಾನಂತೂ ಎಲ್ಲವನ್ನೂ ಹಾಗೇ ಮಾಡುವುದು. ಮೊಟ್ಟೆ ತಿನ್ನದ ಮನೆಯ ತಟ್ಟೆಗೆ ಎಂದು ಬೇರೆ ಮಾಡುತ್ತಾ ಕೂತರೆ ಎರಡು ಡಬ್ಬಿ ಅದಲುಬದಲಾಗುವ ಭಯ ಒಂದು.

ಯಾರಿಗೆ ಏನು ಎಂಬುದಕ್ಕೆ ಈಗ ಬರೋಣ. ಡಿಸೆಂಬರ್ ನಮ್ಮೊಬ್ಬರ ತಿಂಗಳಲ್ಲ. ನೆರೆಮನೆಯಲ್ಲಿ ಅಯ್ಯಪ್ಪ ಮಾಲೆ ಹಾಕಿದವರಿರಬಹುದು, ಶಬರಿಮಲೆಯ ಮಂಡಲ ಪೂಜೆ ಬರುವುದೇ ಕ್ರಿಸ್ಮಸ್‌ನ ಆಸುಪಾಸಿಗೆ. ಹೊರಗಿನ ಅಡುಗೆ ಮುಟ್ಟದವರ ಮುಂದೆ ಕೇಕ್ ಹಿಡಿದು ಮುಜುಗರ ಮಾಡಬಾರದು. ಬಾಳೆಹಣ್ಣು, ಕಿತ್ತಳೆ ಕೊಡಿ, ಮಾಲೆ ತೆಗೆದ ಮೇಲೆ ತಿಂಡಿ ಕಳಿಸಿ. ವೈಕುಂಠ ಏಕಾದಶಿಯೂ ಕೆಲವು ವರ್ಷ ಇದೇ ದಿನಗಳಲ್ಲಿ ಬರುತ್ತದೆ, ಉಪವಾಸದ ಮನೆಗೆ ಅಂದು ತಟ್ಟೆ ಒಯ್ಯಬೇಡಿ. ಸಸ್ಯಾಹಾರಿಗಳ ಮನೆಗೆ ಹೋಗುವ ತಿಂಡಿಯನ್ನು ಕಬಾಬ್ ಕರಿದ ಎಣ್ಣೆಯಲ್ಲಿ ಕರಿಯಬೇಡಿ. ಅವರಿಗೆ ಗೊತ್ತಾಗದಿರಬಹುದು, ನಮಗೆ ಗೊತ್ತಿರುತ್ತದಲ್ಲ. ಮುಸಲ್ಮಾನರ ಮನೆಗೆ ರಮ್ ಹಾಕಿದ ಕೇಕ್ ಸಲ್ಲದು. ಒಣಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿ, ಆದರೆ ಒಂದು ರಾತ್ರಿ ಮಾತ್ರ, ಅದೂ ಫ್ರಿಡ್ಜಿನಲ್ಲಿ. ರಮ್ಮಿನಲ್ಲಿ ವಾರಗಟ್ಟಲೆ ಇಡುವ ಹಾಗೆ ರಸದಲ್ಲಿ ಇಟ್ಟರೆ ಹುಳಿಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ನಿಪ್ಪಟ್ಟು, ಸೀಬೆಹಣ್ಣು ಸಾಕು. ಅನುಮಾನ ಇದ್ದರೆ ಬಾಯಿಬಿಟ್ಟು ಕೇಳಿ: "ಅಕ್ಕಾ, ಈ ವಾರ ನಿಮ್ಮಲ್ಲಿ ಏನು ನಡೆಯುತ್ತೆ?" ಹಾಗೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ವರ್ಷ ತುಂಬದ ಸಾವಿನ ಮನೆ ಪಟ್ಟಿಯಲ್ಲಿದ್ದರೆ ಆ ಹೆಸರನ್ನು ಬೇರೆಯಾಗಿ ಬರೆಯಿರಿ. ಅಲ್ಲಿಗೆ ಬಣ್ಣದ ಪೇಪರ್ ಸುತ್ತಿದ ಡಬ್ಬಿ ಬೇಡ, "ಹ್ಯಾಪಿ ಕ್ರಿಸ್ಮಸ್" ಎಂದು ಬಾಗಿಲಲ್ಲಿ ಕೂಗುವುದೂ ಬೇಡ. ಇಪ್ಪತ್ತನಾಲ್ಕರ ಸಂಜೆ, ಊರೆಲ್ಲ ನಕ್ಷತ್ರ ಹೊತ್ತಿಕೊಂಡಾಗ, ಆ ಮನೆಯವರಿಗೆ ಕೂತರೂ ಆಗದು, ನಿಂತರೂ ಆಗದು. ಆಗ ಹೋಗಿ. ಅನ್ನ ಸಾರು ಮಾಡಿಕೊಂಡು ಹೋಗಿ, ಅವರ ಜೊತೆ ಉಣ್ಣಿ, ಹೋದವರ ಹೆಸರು ಹೇಳಿ ಮಾತಾಡಿ. ನೆನಪಿಸಿದರೆ ಅಳುತ್ತಾರೆಂದು ಎಷ್ಟೋ ಜನ ಹೆಸರೇ ಎತ್ತುವುದಿಲ್ಲ. ಅವರು ಮರೆತಿದ್ದರಲ್ಲವೇ ನಾವು ನೆನಪಿಸುವುದು? ಅತ್ತರೆ ಅಳಲಿ, ಎದ್ದು ಓಡಬೇಡಿ. ಮರುದಿನ ಆರಾಧನೆಗೆ ಬರುವುದಾದರೆ ಜೊತೆಯಲ್ಲೇ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ, ಬರಲ್ಲ ಅಂದರೆ ಬಲವಂತ ಮಾಡಬೇಡಿ.

ಆಸ್ಪತ್ರೆಯನ್ನೂ ಮರೆಯಬೇಡಿ. ನಮ್ಮೂರಿನ ಮಿಷನ್ ಆಸ್ಪತ್ರೆ ಲಂಡನ್ ಮಿಷನ್ನಿನವರು ಶುರು ಮಾಡಿದ್ದು, 1947ರಲ್ಲಿ ಹಲವು ಪ್ರೊಟೆಸ್ಟೆಂಟ್ ಸಭೆಗಳು ಸೇರಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಆದ ಮೇಲೆ ಸಿಎಸ್‌ಐ ಆಸ್ಪತ್ರೆಯಾಯಿತು. ಸರ್ಕಾರಿ ಆಸ್ಪತ್ರೆಯೂ ಇದೆ. ಎರಡರಲ್ಲೂ ಹಬ್ಬದ ದಿನ ಕಷ್ಟ ರೋಗಿಯ ಜೊತೆಗಿರುವವರಿಗೆ. ಹಳ್ಳಿಯಿಂದ ಬಂದು ವರಾಂಡದಲ್ಲಿ ಮಲಗಿರುತ್ತಾರೆ, ಬಾಯಿಗೆ ಬಿಸಿಯಾದದ್ದು ಬಿದ್ದಿರುವುದಿಲ್ಲ. ಅವರಿಗೆ ಚಿತ್ರಾನ್ನವೋ ಇಡ್ಲಿಯೋ ಕಟ್ಟಿಕೊಂಡು ಹೋಗಿ. ರೋಗಿಗೆ ಏನು ಕೊಡುವ ಮೊದಲೂ ವಾರ್ಡಿನ ಸಿಸ್ಟರನ್ನು ಕೇಳಬೇಕು. ಕೈಯಲ್ಲಿ ಸುವಾರ್ತೆಯ ಕಾಗದ ಹಿಡಿದು ಊಟ ಹಂಚುವುದು ನನಗೆ ಸೇರುವುದಿಲ್ಲ. ಹಸಿದವರು ಬೇಡ ಅನ್ನಲಾರದೆ ಇಸಿದುಕೊಳ್ಳುತ್ತಾರೆ ಅಷ್ಟೆ. ಅವರೇ "ಯಾಕಮ್ಮ ಇವತ್ತು?" ಅಂದರೆ ಹೇಳಿ, ಸಂತೋಷವಾಗಿ ಹೇಳಿ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದನ್ನು ಮಕ್ಕಳಿಗೆ ಬಿಡಿ, ಬೀದಿಯ ಮಕ್ಕಳನ್ನೆಲ್ಲ ಸೇರಿಸಿ. ರಾಗಿ ಕೊಯ್ಲಿನ ಕಾಲವಾದ್ದರಿಂದ ಹೊಸ ಹುಲ್ಲು ಸಿಗುತ್ತದೆ. ಹದಿನೈದನೇ ತಾರೀಖಿನ ಹೊತ್ತಿಗೆ ಹಳೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿ ನೀರು ಚಿಮುಕಿಸುತ್ತಿದ್ದರೆ ಹಬ್ಬಕ್ಕೆ ಹಸಿರು ಎದ್ದಿರುತ್ತದೆ. ಕುರಿ ಕತ್ತೆಗಿಂತ ದೊಡ್ಡದಾಗಿದ್ದರೂ ತಿದ್ದಬೇಡಿ. ಹುಲ್ಲಿನ ಹತ್ತಿರ ಮೇಣದಬತ್ತಿ ಮಾತ್ರ ಬೇಡ, ಸಣ್ಣ ಎಲ್‌ಇಡಿ ಸರ ಸಾಕು. ಪೇಪರ್ ನಕ್ಷತ್ರದೊಳಗೂ ಅದೇ.

ಮನೆಮನೆಗೆ ಬಂದು ಕ್ರಿಸ್ಮಸ್ ಹಾಡು ಹಾಡುವ ಕ್ಯಾರಲ್ ತಂಡ ಬರುವ ರಾತ್ರಿ ನೆರೆಯವರಿಗೆ ಮೊದಲೇ ಹೇಳಿಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ. ಗಿಟಾರು, ಬಾಯಿ ಹಾಡು ಸಾಲದೇ? ಹುಡುಗರಿಗೆ ಶುಂಠಿ ಹಾಕಿದ ಬಿಸಿ ಕಾಫಿ ಕೊಡಿ, ನಂದಿ ಕಡೆಯ ಚಳಿಗಾಳಿಗೆ ಗಂಟಲು ಹಿಡಿದಿರುತ್ತದೆ.

ಇಪ್ಪತ್ತೈದರ ಊಟಕ್ಕೆ ಹತ್ತು ಬಗೆ ಬೇಡ. ಒಂದು ಬಿರಿಯಾನಿ, ಮಾಂಸ ತಿನ್ನದವರಿಗೆ ಹಿತಕಿದ ಬೇಳೆ ಸಾರು. ಅವರೆಕಾಯಿಯ ಸುಗ್ಗಿಯಲ್ಲಿ ಆ ಸಾರಿನ ಮುಂದೆ ಬಿರಿಯಾನಿಯೂ ಸುಮ್ಮನೆ. ಬೇಳೆಯನ್ನು ಹಿಂದಿನ ರಾತ್ರಿ ಗಂಡಸರು ಮಕ್ಕಳೆಲ್ಲ ಕೂತು ಹಿತಕಲಿ. ಮನೆಯ ಹೆಂಗಸು ಅಡುಗೆಮನೆಯಲ್ಲೇ ಇದ್ದು ಅವಳ ಹೊರತು ಎಲ್ಲರೂ ಹಾಡುವ ಕ್ರಿಸ್ತ ಜಯಂತಿ ನನಗೆ ಹಿಡಿಸುವುದಿಲ್ಲ. ಬಟ್ಟೆಗಾಗಿ ಸಾಲ ಮಾಡುವುದಂತೂ ಬೇಡವೇ ಬೇಡ.

ತಟ್ಟೆಗಳ ಹಿಂದೆ ನೇಲ್ ಪಾಲಿಶ್‌ನಲ್ಲಿ ಮನೆಯ ಗುರುತು ಹಾಕಿ, ಇಲ್ಲದಿದ್ದರೆ ಜನವರಿಯಲ್ಲಿ ಹುಡುಕಾಟ. ನಕ್ಷತ್ರವನ್ನು ಜನವರಿ 6ರವರೆಗೆ, ನಕ್ಷತ್ರ ಹಿಡಿದು ಬಾಲಯೇಸುವನ್ನು ನೋಡಲು ಬಂದ ಜ್ಞಾನಿಗಳ ಹಬ್ಬದವರೆಗೆ ಬಿಡಿ. ಅದಾದ ಒಂದು ವಾರಕ್ಕೆ ಸಂಕ್ರಾಂತಿ. ನೆರೆಯವರು ಎಳ್ಳು ಬೀರಲು ಬಂದಾಗ ಕೂರಿಸಿ ಇಸಿದುಕೊಳ್ಳಿ, ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಅವರ ತಟ್ಟೆಯನ್ನು ಖಾಲಿ ಹಿಂದಿರುಗಿಸದಿರಲು ಒಂದು ಡಬ್ಬಿ ಕಲ್ಕಲ್ ಮಕ್ಕಳ ಕಣ್ಣಿಗೆ ಬೀಳದ ಕಡೆ ಇಟ್ಟಿರಿ.