ಹಾರ್ಡ್ ಡಿಸ್ಕ್ ಕಾಣ್ತಿಲ್ವಾ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಕಳೆದ ತಿಂಗಳು ಚಿಕ್ಕಮ್ಮ ಫೋನ್ ಮಾಡಿದ್ದರು. ಮಗಳ ಮದುವೆಯ ಫೋಟೊ, ವಿಡಿಯೊ ಎಲ್ಲಾ ಇದ್ದ ಹಾರ್ಡ್ ಡಿಸ್ಕ್ ಅದು. ಲ್ಯಾಪ್‌ಟಾಪ್‌ಗೆ ಹಾಕಿದರೆ ಏನೂ ಬರುತ್ತಿಲ್ಲ. "ಅಂಗಡಿಯವನು ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಅಂದ ಕಣೋ, ಕೊಟ್ಬಿಡ್ಲಾ?" ಅಂದರು. "ಬೇಡ ಚಿಕ್ಕಮ್ಮ, ಹಾಗೇ ಇಟ್ಟಿರಿ, ನಾನೇ ಬರ್ತೀನಿ" ಎಂದೆ.

ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಸರಿಹೋಗಬಹುದು, ಒಳಗಿದ್ದದ್ದು ಹೋಗುತ್ತದೆ. ನಮಗೆ ಬೇಕಿರುವುದು ಡಬ್ಬಿಯಲ್ಲ, ಅದರೊಳಗಿನ ಫೋಟೊ. ಈ ಒಂದು ಮಾತು ತಲೆಯಲ್ಲಿಟ್ಟುಕೊಂಡು ಮುಂದೆ ಹೋಗಿ.

ಮೊದಲು ಕಿವಿಗೊಡಿ

ಡಿಸ್ಕನ್ನು ಮೇಜಿನ ಮೇಲೆ ಮಲಗಿಸಿ, ಕೇಬಲ್ ಚುಚ್ಚಿ, ಮೇಲೆ ಬೆರಳಿಡಿ. ಸಣ್ಣ ಗುಂಯ್ ಸದ್ದು, ಸಣ್ಣ ನಡುಕ ಇದ್ದರೆ ಒಳಗಿನ ತಟ್ಟೆ ತಿರುಗುತ್ತಿದೆ ಎಂದರ್ಥ. ಒಳ್ಳೆಯ ಲಕ್ಷಣ. ಟಕ್, ಟಕ್, ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ತಕ್ಷಣ ಕಿತ್ತುಬಿಡಿ. ಡೇಟಾ ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೂದಲೆಳೆ ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಹೆಡ್ ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಗೀರಿಹೋಗುವ ಅಪಾಯ ಇದೆ. ಮನೆಯಲ್ಲಿ ಸ್ಕ್ರೂ ಬಿಚ್ಚಿ ನೋಡುವುದು, ಫ್ರೀಜರ್‌ನಲ್ಲಿ ಇಡುವುದು ಬೇಡವೇ ಬೇಡ. ಫ್ರೀಜರ್‌ನಿಂದ ತೆಗೆದಾಗ ಒಳಗೆ ತೇವ ಕೂತು ಇನ್ನಷ್ಟು ಹಾಳಾಗುತ್ತದೆ.

ಆಮೇಲೆ ಕೇಬಲ್

ಚಿಕ್ಕಮ್ಮನ ಮನೆಯಲ್ಲಿ ಲೈಟ್ ಮಿನುಗುತ್ತಿತ್ತು, ಡಿಸ್ಕ್ ಮಾತ್ರ ಕಾಣುತ್ತಿರಲಿಲ್ಲ. ಈ ಪೋರ್ಟಬಲ್ ಡಿಸ್ಕ್‌ಗಳ ಕೇಬಲ್ ತುದಿ ಅಗಲ ಇರುತ್ತದಲ್ವಾ, ನಡುವೆ ಕಚ್ಚು ಇದ್ದು ಎರಡು ಭಾಗ ಮಾಡಿದ ಹಾಗೆ? ಅದರ ಒಂದು ಬದಿ ಸಡಿಲವಾಗಿತ್ತು. ಬೆರಳಲ್ಲಿ ಒತ್ತಿ ಹಿಡಿದರೆ ಡಿಸ್ಕ್ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಹೊಸ ಕೇಬಲ್ ತಂದು ಹಾಕಿದೆವು, ಫೋಟೊ ಎಲ್ಲಾ ಅಲ್ಲೇ ಇದ್ದವು. ಹಾಗಾಗಿ ಏನೇ ಮಾಡುವ ಮೊದಲು ಇನ್ನೊಂದು ಕೇಬಲ್, ಇನ್ನೊಂದು ಪೋರ್ಟ್, ಸಾಧ್ಯವಾದರೆ ಇನ್ನೊಂದು ಕಂಪ್ಯೂಟರ್ ಪ್ರಯತ್ನಿಸಿ.

ಕರೆಂಟ್ ಸಾಲದೆಯೂ ಹೀಗಾಗುತ್ತದೆ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3.0 ಆದರೆ 900. ತಟ್ಟೆ ತಿರುಗಲು ಶುರುವಾಗುವಾಗಲೇ ಜಾಸ್ತಿ ಕರೆಂಟ್ ಬೇಕು. ಹಬ್, ಎಕ್ಸ್‌ಟೆನ್ಷನ್ ತೆಗೆದು ನೇರವಾಗಿ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಬಳಸಿ, ಅದು ಮದರ್‌ಬೋರ್ಡ್‌ನಲ್ಲೇ ಇರುತ್ತದೆ. 3.5 ಇಂಚಿನ ದೊಡ್ಡ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುತ್ತದೆ, ಅದು ಕೆಟ್ಟಿದೆಯಾ ಅಂತಲೂ ನೋಡಿ.

ಈಗ ಕಂಪ್ಯೂಟರ್ ಒಳಗೆ

ವಿಂಡೋಸ್ ಬಟನ್ ಜೊತೆ ಎಕ್ಸ್ ಒತ್ತಿ, ಪಟ್ಟಿಯಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಕಾಣದ ಡಿಸ್ಕ್ ಎಷ್ಟೋ ಸಲ ಇಲ್ಲಿ ಕಾಣುತ್ತದೆ.

ಡಿಸ್ಕ್ ಇದೆ, ಪಕ್ಕದಲ್ಲಿ ಇ, ಎಫ್ ಥರದ ಅಕ್ಷರ ಇಲ್ಲ ಅಂದರೆ ಸುಲಭ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಡ್ರೈವ್ ಲೆಟರ್ ಆಯ್ಕೆಗೆ ಹೋಗಿ, ಆ್ಯಡ್ ಒತ್ತಿ ಖಾಲಿ ಇರುವ ಒಂದು ಅಕ್ಷರ ಕೊಡಿ. ಅಷ್ಟೇ.

ಹೊಸದಾಗಿ ತಂದ ಡಿಸ್ಕ್ ಆಗಿದ್ದರೆ ಇನಿಶಿಯಲೈಸ್ (ಬಳಕೆಗೆ ಸಿದ್ಧ) ಮಾಡಬೇಕಾ ಎಂದು ಕೇಳಬಹುದು. ಡಿಸ್ಕ್‌ನ ಜಾಗ ಹಂಚುವ ಹೊಸ ಪದ್ಧತಿಯಾದ ಜಿಪಿಟಿ ಆರಿಸಿ, ಹಳೆಯ ಎಂಬಿಆರ್ ಪದ್ಧತಿಯಲ್ಲಿ 2 ಟಿಬಿ ಮೇಲಿನ ಜಾಗ ಸಿಗುವುದಿಲ್ಲ. ಆದರೆ ಡೇಟಾ ಇದ್ದ ಡಿಸ್ಕ್ ಇದೇ ಪ್ರಶ್ನೆ ಕೇಳಿದರೆ ಕ್ಯಾನ್ಸಲ್ ಒತ್ತಿ. 'ರಾ' (RAW) ಎಂದು ತೋರಿಸಿದರೂ, ಫಾರ್ಮ್ಯಾಟ್ ಮಾಡಿ ಎಂಬ ಪೆಟ್ಟಿಗೆ ಎದುರಿಗೆ ಬಂದರೂ ಅದೇ ಉತ್ತರ, ಕ್ಯಾನ್ಸಲ್. ಡೇಟಾ ಹೋಗಿದೆ ಅಂತಲ್ಲ, ಎಲ್ಲಿ ಏನಿದೆ ಎಂಬ ವಿವರ ವಿಂಡೋಸ್‌ಗೆ ಓದಲು ಆಗುತ್ತಿಲ್ಲ ಅಷ್ಟೇ. ಕೆಲವೊಮ್ಮೆ ಕೆಟ್ಟೇ ಇರುವುದಿಲ್ಲ. ಮ್ಯಾಕ್‌ಗೋ ಲಿನಕ್ಸ್‌ಗೋ ಎಂದೇ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ವಿಂಡೋಸ್‌ಗೆ ಸಾಮಾನ್ಯವಾಗಿ ಓದಲು ಬರುವುದಿಲ್ಲ. ಆ ಕಂಪ್ಯೂಟರ್‌ಗೇ ಹಾಕಿ ನೋಡಿ.

ಡಿಸ್ಕ್ ನಿಜವಾಗಿಯೂ 'ರಾ' ಆಗಿದ್ದರೆ ಟೆಸ್ಟ್‌ಡಿಸ್ಕ್, ಫೋಟೊರೆಕ್ ಎಂಬ ಉಚಿತ ತಂತ್ರಾಂಶಗಳಿವೆ. ಸಿಕ್ಕ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೇ ಉಳಿಸಿ. ಅದೇ ಡಿಸ್ಕ್‌ಗೆ ಬರೆದರೆ ಉಳಿದದ್ದೂ ಅಳಿಸಿಹೋಗಬಹುದು. ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಮಾತು ಕೇಳಿ, ಡೇಟಾ ಕಾಪಿ ಆದ ಮೇಲೆ ಓಡಿಸಿ. ಸೋತಿರುವ ಡಿಸ್ಕ್‌ಗೆ ಅದು ಭಾರದ ಕೆಲಸ.

ಕಂಪ್ಯೂಟರ್ ಒಳಗಿನ ಡಿಸ್ಕ್ ಕಾಣದಿದ್ದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪರದೆ) ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಪವರ್ ಪೂರ್ತಿ ತೆಗೆದು, ಡಿಸ್ಕ್‌ಗೆ ಹೋಗುವ ಎರಡೂ ಸಾಟಾ ಕೇಬಲ್‌ಗಳನ್ನು (ಒಂದು ಡೇಟಾಗೆ, ಒಂದು ಕರೆಂಟ್‌ಗೆ) ಬಿಚ್ಚಿ ಮತ್ತೆ ಕೂರಿಸಿ.

ಇಷ್ಟಾದರೂ ಬರಲಿಲ್ಲ, ಅಥವಾ ಟಕ್ ಟಕ್ ಸದ್ದು ಇದೆ ಎಂದಾದರೆ ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು. ಬಿದ್ದಿತ್ತಾ, ನೀರು ಬಿದ್ದಿತ್ತಾ, ಯಾರಾದರೂ ಬಿಚ್ಚಿದ್ದರಾ, ಮುಚ್ಚಿಡದೆ ಹೇಳಿ. ಡಿಸ್ಕ್ ಬಿಚ್ಚಲು ಧೂಳಿಲ್ಲದ ಕ್ಲೀನ್ ಜಾಗ ಇದೆಯಾ, ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ. ಅಲ್ಲಿಯವರೆಗೆ ಅದನ್ನು ಮತ್ತೆ ಆನ್ ಮಾಡಬೇಡಿ.