ಮನೆ ಕಂದಾಯ ಏರಿಸಲು ನಿಮ್ಮದೇ ವೋಟು: ಮತಪತ್ರ ಓದುವುದು ಹೇಗೆ?

ನಮ್ಮ ಕಡೆ ಮನೆ ಕಂದಾಯ ಜಾಸ್ತಿಯಾದದ್ದು ಗೊತ್ತಾಗುವುದು ಚಲನ್ ಕೈಗೆ ಬಂದಾಗ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹಾಗಲ್ಲ. ಹೊಸ ಶಾಲೆಗೋ ಫೈರ್ ಸ್ಟೇಷನ್ನಿಗೋ ಮಿತಿ ಮೀರಿ ದುಡ್ಡು ಬೇಕಾದರೆ, ಟೌನ್‌ನವರು ಜನರನ್ನೇ ಕೇಳಬೇಕು. ಬಾಸ್ಟನ್ ಸುತ್ತಮುತ್ತ ನೆಲೆಸಿ, ಪೌರತ್ವ ಪಡೆದ ಕನ್ನಡಿಗರ ಕೈಗೂ ಈ ಮತಪತ್ರ ಬರುತ್ತದೆ. ಒಂದೇ ಒಂದು ವಾಕ್ಯದ ಪ್ರಶ್ನೆ. ಸುಮ್ನೆ ಓದಿ ಗುರುತು ಹಾಕಿದರೆ ಎಡವುತ್ತೀರಿ.

ಮೊದಲು ಮಿತಿ ಏನು ಅಂತ ತಿಳಿದುಕೊಳ್ಳಿ. 1980ರಲ್ಲಿ ಮತದಾರರೇ ವೋಟು ಹಾಕಿ ತಂದ ಕಾನೂನಿನ ಹೆಸರು ‘ಪ್ರೊಪೊಸಿಷನ್ ಎರಡೂವರೆ’. ಊರು ಒಟ್ಟಾರೆ ಎತ್ತಬಹುದಾದ ಕಂದಾಯದ ಮಿತಿ ವರ್ಷಕ್ಕೆ ಶೇ 2.5ರಷ್ಟು ಮಾತ್ರ ಏರಬಹುದು. ಹೊಸ ಕಟ್ಟಡಗಳಿಂದ ಬರುವುದು ಬೇರೆ. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಈ ಮಿತಿ ಇಡೀ ಊರಿನ ಮೊತ್ತಕ್ಕೆ, ನಿಮ್ಮ ಬಿಲ್ಲಿಗಲ್ಲ. ನಿಮ್ಮ ಮನೆಯ ಬೆಲೆ ಊರಿನ ಉಳಿದ ಮನೆಗಳಿಗಿಂತ ಬೇಗ ಏರಿದರೆ, ಯಾವ ವೋಟೂ ನಡೆಯದೆ ನಿಮ್ಮ ಬಿಲ್ ಶೇ 2.5ಕ್ಕಿಂತ ಜಾಸ್ತಿ ಏರಬಹುದು.

ಆಮೇಲೆ ಪ್ರಶ್ನೆ ಯಾವ ಜಾತಿಯದು ಅಂತ ನೋಡಿ. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ‘ಓವರ್‌ರೈಡ್’ ಆದರೆ ಏರಿಕೆ ಶಾಶ್ವತ. ಮಿತಿಯೇ ಮೇಲೇರುತ್ತದೆ, ಮುಂದಿನ ವರ್ಷದ ಶೇ 2.5 ಅದರ ಮೇಲೆ ಕೂಡುತ್ತದೆ. ಶಿಕ್ಷಕರ ಸಂಬಳದಂಥ ವರ್ಷಾ ವರ್ಷದ ಖರ್ಚಿಗೆ ಇದನ್ನು ಕೇಳುತ್ತಾರೆ. ಮತಪತ್ರದಲ್ಲಿ ಡಾಲರ್ ಲೆಕ್ಕ ಇರುತ್ತದೆ, ಜೊತೆಗೆ ‘ಜುಲೈ 1ರಂದು ಶುರುವಾಗುವ ಹಣಕಾಸು ವರ್ಷಕ್ಕೆ’ ಅಂತಲೂ ಇರುತ್ತದೆ. ಓದಿದವರಿಗೆ ಒಂದು ವರ್ಷದ ಮಾತು ಅನ್ನಿಸುತ್ತದೆ, ಅಲ್ವಾ? ಅಲ್ಲ.

‘ಡೆಟ್ ಎಕ್ಸ್‌ಕ್ಲೂಷನ್’ ಇನ್ನೊಂದು ಬಗೆ. ಕಟ್ಟಡಕ್ಕೆ ಸಾಲ ಎತ್ತಿ, ಅದು ತೀರುವವರೆಗೆ ಮಾತ್ರ ಮಿತಿಯ ಹೊರಗೆ ಕಂದಾಯ ಹಾಕುವುದು. ಸಾಲ ಮುಗಿದರೆ ಅದೂ ಮುಗಿಯಿತು. ವಿಚಿತ್ರವೆಂದರೆ, ಈ ಪ್ರಶ್ನೆಯ ಕಾನೂನು ನಮೂನೆಯಲ್ಲಿ ಮೊತ್ತವೇ ಇಲ್ಲ! ಯಾವ ಕೆಲಸಕ್ಕೆ ಸಾಲ ಅಂತ ಇರುತ್ತದೆ, ಎಷ್ಟು ಅಂತ ಇರುವುದಿಲ್ಲ. ಒಂದೇ ವರ್ಷದ ಏರಿಕೆ ಕೇಳುವ ಮೂರನೆಯ ಬಗೆಯೂ ಇದೆ, ಫೈರ್ ಎಂಜಿನ್ ಕೊಳ್ಳುವಂಥದ್ದಕ್ಕೆ. ಯಾವುದು ಅಂತ ಅನುಮಾನ ಬಂದರೆ ಟೌನ್ ಕ್ಲರ್ಕ್ ಕಚೇರಿಗೆ ಫೋನ್ ಮಾಡಿ ಕೇಳಿ.

ಈಗ ನಿಮ್ಮ ಪಾಲಿನ ಲೆಕ್ಕ. ಕೋಟಿ ಕೋಟಿ ಡಾಲರಿನ ಶಾಲೆ ಅಂದ ಕೂಡಲೇ ಗಾಬರಿ ಬೇಡ. ರಾಜ್ಯದ ಶಾಲಾ ಕಟ್ಟಡ ಪ್ರಾಧಿಕಾರ ಒಪ್ಪಿದ ಯೋಜನೆಯಾದರೆ ಒಂದು ಭಾಗ ಅಲ್ಲಿಂದ ಬರುತ್ತದೆ. ಊರಿನ ಪಾಲು ಎಷ್ಟು ಅಂತ ಕೇಳಿ. ಉದಾಹರಣೆಗೆ, ಸಾಲದ ಕಂತು ವರ್ಷಕ್ಕೆ 20 ಲಕ್ಷ ಡಾಲರ್ ಅಂತ ಇಟ್ಟುಕೊಳ್ಳಿ. ಊರಿನ ಎಲ್ಲ ಆಸ್ತಿಯ ಒಟ್ಟು ಬೆಲೆ 400 ಕೋಟಿ ಡಾಲರ್. ಭಾಗಿಸಿದರೆ ಪ್ರತಿ 1,000 ಡಾಲರ್ ಬೆಲೆಗೆ 50 ಸೆಂಟ್. ನಿಮ್ಮ ಮನೆಗೆ ಅಸೆಸರ್ (ಕಂದಾಯಕ್ಕಾಗಿ ಆಸ್ತಿಯ ಬೆಲೆ ಕಟ್ಟುವ ಟೌನ್ ಅಧಿಕಾರಿ) ಹಾಕಿದ ಬೆಲೆ 6 ಲಕ್ಷವಾದರೆ ವರ್ಷಕ್ಕೆ 300 ಡಾಲರ್. ಮಾರುಕಟ್ಟೆ ಬೆಲೆ ಹಿಡಿಯಬೇಡಿ, ಬಿಲ್ಲಿನಲ್ಲಿರುವ ಬೆಲೆಯನ್ನೇ ಹಿಡಿಯಿರಿ.

ವೋಟಿನ ದಿನಕ್ಕೆ ಕಾಯುತ್ತ ಕೂರಬೇಡಿ, ಊರಿನ ಬಜೆಟ್, ಸಾಲಗಳನ್ನು ತೀರ್ಮಾನಿಸುವ ಸಭೆಯಾದ ಟೌನ್ ಮೀಟಿಂಗಿಗೂ ಹೋಗಿ. ಮತಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ವೋಟು ಸಾಕು. ಆದರೆ ಸಾಲ ಎತ್ತಲು ಟೌನ್ ಮೀಟಿಂಗ್‌ನಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಎರಡರಲ್ಲಿ ಒಂದು ಬಿದ್ದರೂ ಕೆಲಸ ಇಲ್ಲ. ಆಕ್ಟನ್, ವೆಸ್ಟ್‌ಬರೋದಂಥ ಊರುಗಳಲ್ಲಿ ನೋಂದಾಯಿತ ಮತದಾರರು ಯಾರೇ ಆಗಲಿ ಹೋಗಿ ಮಾತಾಡಬಹುದು, ವೋಟು ಹಾಕಬಹುದು. ನಮ್ಮ ಗ್ರಾಮಸಭೆ ನೆನಪಾಗುತ್ತದೆ, ಇಲ್ಲಿ ಮಾತ್ರ ಬಜೆಟ್ಟಿಗೂ ಸೇರಿದವರೇ ವೋಟು ಹಾಕಬೇಕು. ರಾತ್ರಿ ಹನ್ನೊಂದಾದರೂ ಮುಗಿಯದಿರಬಹುದು, ಊಟ ಮಾಡಿಯೇ ಹೋಗಿ. ಲೆಕ್ಸಿಂಗ್ಟನ್, ಶ್ರೂಸ್‌ಬರಿಗಳಲ್ಲಿ ಚುನಾಯಿತ ಪ್ರತಿನಿಧಿಗಳು ಈ ಕೆಲಸ ಮಾಡುತ್ತಾರೆ. ನಿಮ್ಮ ವಾರ್ಡಿನವರು ಯಾರು ಅಂತ ತಿಳಿದು ಇಮೇಲ್ ಹಾಕಿ.

ಯಾರಿಗೆ ವೋಟಿದೆ? ಪೌರರಿಗೆ ಮಾತ್ರ. ಎಚ್-1ಬಿ, ಗ್ರೀನ್ ಕಾರ್ಡ್ ಇದ್ದವರು ಕಂದಾಯ ಕಟ್ಟುತ್ತಿದ್ದರೂ ವೋಟಿಲ್ಲ. ‘ಕಟ್ಟೋದು ನಾನು, ಕೇಳೋದು ಅವರನ್ನ’ ಎಂಬ ಗೊಣಗಾಟ ನ್ಯಾಯವೇ. ಹಾಗಂತ ಮತದಾರರಾಗಿ ಹೆಸರು ನೋಂದಾಯಿಸಲು ಹೋಗಲೇಬೇಡಿ, ವಲಸೆ ಕಾನೂನಿನಲ್ಲಿ ಅದು ಗಡೀಪಾರಿನವರೆಗೂ ಎಳೆಯಬಹುದು. ಬಾಡಿಗೆ ಮನೆಯಲ್ಲಿರುವ ಪೌರರಿಗೆ ವೋಟಿದೆ. ನೋಂದಣಿ ಚುನಾವಣೆಗೆ 10 ದಿನ ಮೊದಲೇ ಮುಗಿಯುತ್ತದೆ.

ಪ್ರಶ್ನೆ ಗೆದ್ದಿತು ಅನ್ನಿ. ಮೂರು ತಿಂಗಳಿಗೊಮ್ಮೆ ಬಿಲ್ ಕಳಿಸುವ ಊರಾದರೆ ಜುಲೈ ಬಿಲ್ ನೋಡಿ ‘ಏನೂ ಏರಿಲ್ವಲ್ಲ’ ಅಂತ ಖುಷಿಪಡಬೇಡಿ. ಅದು ಸಾಮಾನ್ಯವಾಗಿ ಹಳೆಯ ವರ್ಷದ ಲೆಕ್ಕ ಹಿಡಿದು ಕಳಿಸಿದ ಅಂದಾಜು ಬಿಲ್. ಹೊಸ ದರ ಕಾಣುವುದು ಜನವರಿಯ ಆಸುಪಾಸಿನ ಬಿಲ್ಲಿನಲ್ಲಿ. ಶಾಲೆಯ ಸಾಲವಾದರೆ ಇನ್ನೂ ತಡ, ಸಾಲ ಎತ್ತಿದಂತೆಲ್ಲ ಮೆಲ್ಲಗೆ ಏರುತ್ತ ಹೋಗುತ್ತದೆ.